ಒರಳಲ್ಲಿ ಬಿಟ್ಟ ಹಿಡಿ ಹಿಟ್ಟು

ನನ್ನ ಸೊಸೆಗೆ ನನ್ನ ಮೇಲೆ ಹೆಚ್ಚು ದೂರುಗಳಿಲ್ಲ. ಇರುವ ಒಂದೆರಡರಲ್ಲಿ ಮುಖ್ಯವಾದದ್ದು ಹಿಟ್ಟಿನದು. ವಿದ್ಯಾನಗರದ ನಮ್ಮ ಮನೆಯಲ್ಲಿ ಈಗ ಕರೆಂಟಿನ ಗ್ರೈಂಡರ್ ಇದೆ. ಅಕ್ಕಿ, ಉದ್ದು ಸುರಿದು ಗುಂಡಿ ಒತ್ತಿ ಟೀವಿ ಮುಂದೆ ಕೂತರೆ ಅದರ ಪಾಡಿಗೆ ಅದು ರುಬ್ಬಿಕೊಳ್ಳುತ್ತದೆ. ಹಿಟ್ಟನ್ನು ಪಾತ್ರೆಗೆ ಬಳಿದುಕೊಳ್ಳುವುದಷ್ಟೇ ನನ್ನ ಕೆಲಸ. ಅದನ್ನೂ ನಾನು ಒಂದು ದಿನ ಪೂರ್ತಿ ಮಾಡಿದವಳಲ್ಲ. ತಳದಲ್ಲಿ ಒಂದು ಹಿಡಿ ಉಳಿದೇ ಇರುತ್ತದೆ. "ಅತ್ತೆ, ನಿಮ್ಗೆ ಕಣ್ಣು ಕಾಣ್ಸಲ್ವೋ, ಕೈ ಬರಲ್ವೋ? ದಿನಾ ಒಂದು ದೋಸೆ ಹಿಟ್ಟು ಮೋರಿ ಪಾಲು" ಅನ್ನುತ್ತಾಳೆ. ಕಣ್ಣೂ ಕಾಣುತ್ತದೆ, ಕೈಯೂ ಬರುತ್ತದೆ. ಬಳಿದು ಬರಿದು ಮಾಡಲು ಮನಸ್ಸು ಬರುವುದಿಲ್ಲ, ಅಷ್ಟೆ. ಯಾಕೆ ಅಂತ ಹೇಳಲು ಹೊರಟರೆ ಭದ್ರಾವತಿಯ ನ್ಯೂಟೌನಿಗೆ ಹೋಗಬೇಕು, ಅಲ್ಲಿಂದ ಕದಿರಿಗೆ. ಅಷ್ಟು ದೂರ ಬರಲು ಅವಳಿಗೆ ಪುರಸೊತ್ತಿಲ್ಲ. ನಿಮಗಿದ್ದರೆ ಬನ್ನಿ.

ನಾವು ಮೂಲದಲ್ಲಿ ತೆಲುಗಿನವರು. ಕದಿರಿ ಕಡೆಯ ಒಂದು ಹಳ್ಳಿಯವರು. ಅಪ್ಪನನ್ನು ನಾನು ನಾಯನ ಅನ್ನುತ್ತಿದ್ದೆ. ನಮ್ಮ ಬೀದಿಯವರು ಅದನ್ನೇ ಹಿಡಿದುಕೊಂಡು ಅವರನ್ನು ನಾಯನೋರು ಅಂತ ಕರೆಯತೊಡಗಿದರು. ಹೀಗೆ ನನ್ನ ಒಬ್ಬಳ ಅಪ್ಪ ಇಡೀ ಬೀದಿಗೇ ಅಪ್ಪನಾಗಿ ಓಡಾಡಿದರು. ಅವರಿಗೆ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಎರಕದ ಶೆಡ್ಡಿನಲ್ಲಿ ಕೆಲಸ. ಸಂಜೆ ಮನೆಗೆ ಬಂದು ಪಂಚೆ ಕೊಡವಿದರೆ ಅಚ್ಚಿನ ಕರಿಮರಳು ನೆಲದ ಮೇಲೆ ಉದುರುತ್ತಿತ್ತು. ಮೈ ಕೈ ಸುಟ್ಟುಕೊಂಡು ಬಂದ ದಿನ ಅಮ್ಮ ಗೊಣಗಿದರೆ, ಒರಳಲ್ಲಿ ತಲೆ ಕೊಟ್ಟ ಮೇಲೆ ಒನಕೆ ಪೆಟ್ಟಿಗೆ ಹೆದರಿದರಾಗುತ್ತದೆಯೇ ಎಂದು ನಗುತ್ತಿದ್ದರು.

ಅಮ್ಮನನ್ನೂ ಕೈಗೂಸಾದ ನನ್ನನ್ನೂ ಭದ್ರಾವತಿಗೆ ಕರೆತರುವಾಗ ನಾಯನ ಹೇಳಿದ್ದು ಎರಡು ವರ್ಷ ಅಂತ. ಕೈಗೆ ಕಸುಬು ಹತ್ತಿದ ಕೂಡಲೇ ವಾಪಸು ಹೊರಡೋಣ ಅಂದಿದ್ದರಂತೆ. ಗಂಡಸರು ರೈಲಿನಲ್ಲಿ ಆಡುವ ಮಾತು ಅದು, ನಂಬಬಾರದು. ಅಮ್ಮ ನಂಬಿದಳು. ನಂಬಿದ್ದಷ್ಟೇ ಅಲ್ಲ, ಅದರ ಮೇಲೆ ಒಂದು ಕಾನೂನನ್ನೇ ಕಟ್ಟಿದಳು. ರೈಲಿಗೆ ಹತ್ತಿಸಲಾಗದ ಯಾವ ಸಾಮಾನೂ ಮನೆಯೊಳಗೆ ಬರಕೂಡದು. ಹಾಗಾಗಿ ನಮ್ಮಲ್ಲಿ ಮಂಚವಿರಲಿಲ್ಲ, ಬೀರು ಇರಲಿಲ್ಲ. ಒಂದು ಕಬ್ಬಿಣದ ಟ್ರಂಕು, ಸುತ್ತಿದರೆ ಸುರುಳಿಯಾಗುವ ಹಾಸಿಗೆ, ಒಂದರೊಳಗೊಂದು ಕೂರುವ ಪಾತ್ರೆಗಳು. ಹಿತ್ತಲಲ್ಲಿ ಕೊತ್ತಂಬರಿ, ಮೆಂತ್ಯ ಹಾಕುತ್ತಿದ್ದಳು. ನುಗ್ಗೆ ಕೊಂಬೆ ನೆಡೋಣವೆಂದು ನಾಯನ ವರ್ಷಕ್ಕೊಮ್ಮೆ ಕೇಳುತ್ತಿದ್ದರು. ಕಾಯಿ ಬಿಡುವಾಗ ತಿನ್ನಲು ನಾವೆಲ್ಲಿರುತ್ತೇವೆ ಎಂದು ಅಮ್ಮ ವರ್ಷಕ್ಕೊಮ್ಮೆ ಬೇಡ ಅನ್ನುತ್ತಿದ್ದಳು. ಎರಡು ವರ್ಷ ಮುಗಿದು, ನಾನು ಶಾಲೆಗೆ ಸೇರಿ, ಹಲ್ಲು ಬಿದ್ದು, ಹಲ್ಲು ಬಂದು, ಮಗ್ಗಿ ಬಾಯಿಪಾಠವಾದರೂ ಆ ಕಾನೂನು ಮಾತ್ರ ಸಡಿಲವಾಗಲಿಲ್ಲ.

ಶಾಲೆಯಲ್ಲಿ ಒಮ್ಮೆ ಮೇಷ್ಟ್ರು 'ನಮ್ಮೂರು' ಅಂತ ಪ್ರಬಂಧ ಬರೆಯಲು ಹೇಳಿದರು. ನಮ್ಮೂರು ಯಾವುದು ಎಂದು ಅಮ್ಮನನ್ನು ಕೇಳಿದೆ. ಇದೇನು ಪ್ರಶ್ನೆ ಅನ್ನುವಂತೆ ನೋಡಿ ಕದಿರಿಯ ಪಕ್ಕದ ಹಳ್ಳಿಯ ಹೆಸರು ಹೇಳಿದಳು. ಬುದ್ಧಿ ಬಂದ ಮೇಲೆ ಎರಡೇ ಸಲ ನೋಡಿದ್ದ ಆ ಊರಿನ ಬಗ್ಗೆ ನಾನು ಧೈರ್ಯವಾಗಿ ಬರೆದೆ. ಸಾಲದ್ದಕ್ಕೆ ಒಂದು ಹೊಳೆಯನ್ನೂ ಸೇರಿಸಿದೆ, ಯಾಕೆಂದರೆ ಊರು ಎಂದರೆ ಹೊಳೆ ಇರಲೇಬೇಕು ಎಂದುಕೊಂಡಿದ್ದೆ. ಭದ್ರೆಯನ್ನು ನೋಡಿ ಬೆಳೆದವಳಲ್ಲವೇ. ಅಂತೂ ಭದ್ರಾ ನದಿಯನ್ನು ಕದಿರಿ ಸೀಮೆಗೆ ಹರಿಸಿದ ಮೊದಲ ಇಂಜಿನಿಯರ್ ನಾನೇ ಇರಬೇಕು. ಮೇಷ್ಟ್ರು ಹತ್ತಕ್ಕೆ ನಾಲ್ಕು ಕೊಟ್ಟರು. ನಾಯನ ಅದನ್ನು ಓದಿಸಿಕೊಂಡು ಬಿದ್ದು ಬಿದ್ದು ನಕ್ಕರು. ಆಮೇಲೆ ಅಮ್ಮನ ಕಡೆ ನೋಡಿ, ಪುಸ್ತಕ ಮುಚ್ಚಿಡು ಅಂದರು. ಅವರಿಗೆ ಇದ್ದದ್ದು ಒಂದೇ ಆಸೆ. ಈ ಊರನ್ನು ಅಮ್ಮ ಒಂದು ದಿನವಾದರೂ ನಮ್ಮೂರು ಅನ್ನಬೇಕು. ಬಾಯಿಬಿಟ್ಟು ಅದನ್ನು ಕೇಳಿದವರಲ್ಲ. ಎರಡು ವರ್ಷ ಅಂದು ಕರೆತಂದವರು ಯಾವ ಮುಖ ಇಟ್ಟುಕೊಂಡು ಕೇಳಬೇಕು?

ಕಾನೂನು ಎಷ್ಟೇ ಗಟ್ಟಿಯಿದ್ದರೂ ದೋಸೆ ತಿನ್ನುವವರಿಗೆ ಕಲ್ಲು ಬೇಕೇ ಬೇಕು. ಒರಳುಕಲ್ಲನ್ನು ರೈಲಿಗೆ ಹತ್ತಿಸಲಾಗದು. ಆದ್ದರಿಂದ ನಮ್ಮ ಮನೆಯಲ್ಲಿ ಕಲ್ಲಿರಲಿಲ್ಲ. ಪಕ್ಕದ ಕ್ವಾರ್ಟರ್ಸಿನ ಗಿರಿಜಕ್ಕನ ಹಿಂದಿನ ಜಗಲಿಯಲ್ಲಿತ್ತು. ಗಿರಿಜಕ್ಕ ಶಿವಮೊಗ್ಗದವರು. ಅವರ ಗಂಡ ಕಾರ್ಖಾನೆಯ ಆಫೀಸಿನಲ್ಲಿ ಗುಮಾಸ್ತರು. ಗಿರಿಜಕ್ಕನಿಗೆ ದೊಡ್ಡ ದನಿ, ದೊಡ್ಡ ಕುಂಕುಮ, ಯಾರನ್ನು ಕಂಡರೂ ಮಾರಾಯ್ತಿ ಅನ್ನುವ ಬಾಯಿ. ಮಧ್ಯಾಹ್ನ ಊಟದ ಪಾತ್ರೆ ತೊಳೆದಾದ ಮೇಲೆ ಅಮ್ಮ ನೆನೆಹಾಕಿದ ಅಕ್ಕಿಯ ಬೋಗುಣಿ ಹಿಡಿದು ಅಲ್ಲಿಗೆ ಹೋಗುತ್ತಿದ್ದಳು. ಒಬ್ಬರು ಗುಂಡು ತಿರುಗಿಸಬೇಕು, ಇನ್ನೊಬ್ಬರು ಅಂಚಿಗೆ ಬಂದ ಹಿಟ್ಟನ್ನು ಒಳಕ್ಕೆ ತಳ್ಳಿಕೊಡಬೇಕು. ತಳ್ಳಿಕೊಡುವ ಕೆಲಸಕ್ಕೆ ನನ್ನನ್ನು ಹಚ್ಚಿ ನೋಡಿದರು. ಹೆಬ್ಬೆರಳು ಜಜ್ಜಿಸಿಕೊಂಡು ನಾನು ಕಿರುಚಿದ ಕೂಗನ್ನು ಕಾರ್ಖಾನೆಯ ಸೈರನ್ ಎಂದುಕೊಂಡು, ಪಾಳಿ ಮುಗಿಯಿತೆಂದು ಯಾರೋ ಸೈಕಲ್ ಹತ್ತಿದರಂತೆ. ಇದು ಗಿರಿಜಕ್ಕ ಕಟ್ಟಿದ ಕಥೆ. ಅಂದಿನಿಂದ ನನಗೆ ನೊಣ ಓಡಿಸುವ ಕೆಲಸ ಸಿಕ್ಕಿತು. ಎರಡು ಹಿತ್ತಲುಗಳ ನಡುವಿದ್ದ ಸೀಬೆ ಮರದ ಕೊಂಬೆಯಲ್ಲಿ ಕೂತು ಅಲ್ಲಿಂದಲೇ ಓಡಿಸುತ್ತಿದ್ದೆ.

ಅಮ್ಮ ಕನ್ನಡ ಕಲಿತದ್ದು ಆ ಕಲ್ಲಿನ ಮುಂದೆ. ಗುಂಡು ಒಂದು ಸುತ್ತು ಬರುವಷ್ಟರಲ್ಲಿ ಒಂದು ತುಂಡು ಮಾತು, ಮುಂದಿನ ಸುತ್ತಿಗೆ ಇನ್ನೊಂದು ತುಂಡು. ಕೊನೆಯವರೆಗೂ ಅವಳ ಕನ್ನಡ ಹಾಗೇ ಇತ್ತು. ಬಸ್ಸಿನಲ್ಲಿ ಕೂತು ಮಾತಾಡಿದರೂ ನಡುನಡುವೆ ನಿಂತು, ಸುತ್ತು ಮುಗಿಸಿಕೊಂಡು, ಮುಂದುವರಿಯುತ್ತಿದ್ದಳು. ಅವಳು ಗಿರಿಜಕ್ಕನಿಗೆ ಕಡಲೇಕಾಯಿ ಚಟ್ನಿ ಕಲಿಸಿದಳು. ಅವರು ಇವಳಿಗೆ ಎಲ್ಲದಕ್ಕೂ ತೆಂಗಿನಕಾಯಿ ಹಾಕುವುದನ್ನು ಕಲಿಸಿದರು.

ಅಲ್ಲಿ ಒಂದು ಪದ್ಧತಿ ಇತ್ತು. ಇನ್ನೊಬ್ಬರ ಕಲ್ಲಿನಲ್ಲಿ ರುಬ್ಬಿದವರು ಪೂರ್ತಿ ಬಳಿದುಕೊಂಡು ಏಳಬಾರದು. ಒಂದು ಹಿಡಿ ಹಿಟ್ಟು ಒರಳಲ್ಲಿ ಬಿಡಬೇಕು. ಅದು ಕಲ್ಲಿನ ಒಡತಿಯ ಪಾಲು. ಬೀದಿಯ ತಮಿಳಿನವರೂ ತೆಲುಗಿನವರೂ ಗಿರಿಜಕ್ಕನ ಕಲ್ಲಿಗೇ ಬರುತ್ತಿದ್ದುದರಿಂದ ಅವರ ಮನೆಯಲ್ಲಿ ದಿನಕ್ಕೊಂದು ನಮೂನೆಯ ಹಿಟ್ಟು ಕೂಡಿಬೀಳುತ್ತಿತ್ತು. ನಮ್ಮನೆ ದೋಸೆ ಯಾವತ್ತು ಯಾವ ಭಾಷೆ ಮಾತಾಡುತ್ತೋ ಹೇಳಲಾಗದು ಎಂದು ಅವರ ಗಂಡ ನಗುತ್ತಿದ್ದರು. ಅಮ್ಮನಂತೂ ಹಿಡಿ ಅಂದರೆ ಎರಡು ಹಿಡಿ ಬಿಡುತ್ತಿದ್ದಳು.

ಆ ಜಗಲಿಯ ಮೆಟ್ಟಿಲ ಮೇಲೆ ಜೈಬುನ್ ಖಾಲಾ ಬಂದು ಕೂರುತ್ತಿದ್ದರು. ಅವರ ಗಂಡ ಖಾದರ್ ಸಾಬರು ಕಾರ್ಖಾನೆಯ ಡ್ರೈವರ್, ಮನೆ ನಮ್ಮ ಎದುರು ಸಾಲಿನಲ್ಲಿ. ಖಾಲಾಗೆ ಕನ್ನಡವೂ ಬರುತ್ತಿತ್ತು, ದಖ್ಖನಿ ಉರ್ದುವೂ ಬರುತ್ತಿತ್ತು. ಸಿಟ್ಟು ಬಂದಾಗ ಎರಡೂ ಒಟ್ಟಿಗೆ ಬರುತ್ತಿದ್ದವು. ಮೆಟ್ಟಿಲಿನ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಂಡು ಮಾತಿಗೆ ಮಾತು ಸೇರಿಸುವರು. ಕಲ್ಲಿನ ಹತ್ತಿರ ಮಾತ್ರ ಬರುತ್ತಿರಲಿಲ್ಲ. ಬರಬೇಡಿ ಎಂದು ಯಾರೂ ಹೇಳಿರಲಿಲ್ಲ, ಬನ್ನಿ ಎಂದೂ ಯಾರೂ ಹೇಳಿರಲಿಲ್ಲ. ಆಗಿನ ಕಾಲ ಹಾಗಿತ್ತು ಎಂದು ಈಗ ಸುಲಭವಾಗಿ ಹೇಳಿಬಿಡಬಹುದು. ಅಮ್ಮ ಹೋಗುವಾಗ ತನ್ನ ಬೋಗುಣಿಯಿಂದ ಒಂದು ಬಟ್ಟಲು ಹಿಟ್ಟು ಖಾಲಾ ಕೈಗೆ ಕೊಟ್ಟು ಹೋಗುತ್ತಿದ್ದಳು. ಬೇರೆಯವರ ಮನೆಯ ಕಲ್ಲು, ಅದಕ್ಕಿಂತ ಹೆಚ್ಚು ಅವಳೇನೂ ಮಾಡುವ ಹಾಗಿರಲಿಲ್ಲ.

ಹೀಗಿರುವಾಗ ಗಿರಿಜಕ್ಕನಿಗೆ ಶಿವಮೊಗ್ಗದ ಅಂಚಿನ ಆಲ್ಕೊಳದ ಮನೆ ಪಾಲಿಗೆ ಬಂತು. ಆಗ ಆಲ್ಕೊಳ ಅಂದರೆ ಸುತ್ತ ಗದ್ದೆ. ಅವರ ಗಂಡನಿಗೂ ಶಿವಮೊಗ್ಗದಲ್ಲೇ ಬೇರೆ ಕೆಲಸ ಸಿಕ್ಕಿತು. ಸಾಮಾನು ಸಾಗಿಸಲು ಲಾರಿ ಬಂದು ನಿಂತ ದಿನ ಗಿರಿಜಕ್ಕ ಒರಳಿನ ಮುಂದೆ ನಿಂತು ಅಮ್ಮನನ್ನು ಕರೆದರು.

"ನರಸಮ್ಮ, ಇದು ನಿನ್ಗೆ. ಅಲ್ಲಿ ನಮ್ಮತ್ತೇದು ಒಂದಿದೆ. ಮನೇಲಿ ಎರಡು ಕಲ್ಲಿಟ್ಕೊಂಡು ಅತ್ತೆಗೂ ನನ್ಗೂ ಜಗಳ ಯಾಕೆ, ನೀನಿಟ್ಕೊ ಮಾರಾಯ್ತಿ."

"ಬೇಡ ಅಕ್ಕ," ಅಂದಳು ಅಮ್ಮ. ಒಂದು ಸುತ್ತಿನಷ್ಟು ಹೊತ್ತು ನಿಂತು, "ನಾವು ಊರಿಗೆ ಹೋಗೋರು" ಅಂದಳು.

ಗಿರಿಜಕ್ಕನ ಮುಖ ಸಣ್ಣದಾಯಿತು. ಇಷ್ಟು ವರ್ಷ ಎದುರುಬದುರು ಕೂತು ರುಬ್ಬಿದವಳು ಇವತ್ತೂ ಟ್ರಂಕು ಕಟ್ಟಿಕೊಂಡೇ ಕೂತಿದ್ದಾಳಲ್ಲ ಎಂದು ನೊಂದುಕೊಂಡಿರಬೇಕು. ಗಂಡಸರು ಕಲ್ಲನ್ನು ಉರುಳಿಸಿ, ಹಲಗೆಯ ಮೇಲೆ ಜಾರಿಸಿ ಲಾರಿಗೆ ಏರಿಸಿದರು. ಜಗಲಿಯಲ್ಲಿ ಕಲ್ಲಿದ್ದ ಜಾಗ ಮಾತ್ರ ದುಂಡಗೆ ಬೆಳ್ಳಗೆ ಉಳಿಯಿತು. ಆ ಮನೆಗೆ ಬಂದ ಹೊಸಬರು ಬಾಗಿಲು ಹಾಕಿಕೊಂಡೇ ಇರುವ ಜನ.

ದೋಸೆ ನಿಂತಿತು. ಮುದ್ದೆ, ಅನ್ನ, ಮುದ್ದೆ. ನಾಯನ ಒಂದು ಮಾತೂ ಆಡದೆ ಉಂಡು ಏಳುತ್ತಿದ್ದರು. ನಾನು ಮಾತಾಡಿ ಬೆನ್ನಿಗೆ ತಿಂದೆ. ಆದರೆ ದೋಸೆಗಿಂತ ದೊಡ್ಡ ಕಷ್ಟ ಮಧ್ಯಾಹ್ನದ್ದು. ಅಮ್ಮ ನಮ್ಮ ಹೊಸ್ತಿಲಲ್ಲಿ ಬಂದು ಕೂರುತ್ತಿದ್ದಳು. ಖಾಲಾ ಬಂದು ಪಕ್ಕದಲ್ಲಿ ಕೂರುತ್ತಿದ್ದರು. ಇಬ್ಬರಿಗೂ ಮಾತು ಹತ್ತುತ್ತಿರಲಿಲ್ಲ. ಕೈ ಸುಮ್ಮನಿದ್ದರೆ ಬಾಯಿಯೂ ಸುಮ್ಮನಿರುತ್ತದೆ ಎಂದು ನಾನು ಆಗ ಕಂಡುಕೊಂಡೆ. ಅಮ್ಮನಿಗೆ ಊರಿನ ನೆನಪು ಕಾಡುತ್ತಿದೆ ಎಂದು ನಾಯನ ಅಂದಾಜು ಮಾಡಿದರು. ಯುಗಾದಿಗೆ ರಜೆ ಹಾಕಿ ನಮ್ಮನ್ನು ಊರಿಗೆ ಕರೆದುಕೊಂಡು ಹೊರಟರು. ಇವಳು ಅಲ್ಲೇ ಉಳಿಯುತ್ತೇನೆಂದರೆ ಏನು ಮಾಡುವುದೆಂಬ ಹೆದರಿಕೆ ಅವರಿಗೆ ದಾರಿಯುದ್ದಕ್ಕೂ ಇತ್ತಂತೆ. ಬಹಳ ವರ್ಷದ ಮೇಲೆ ನನಗೆ ಹೇಳಿದರು.

ಊರಿನಲ್ಲಿ ಅಮ್ಮ ಅರಳಿದಳು. ಅದನ್ನು ಮುಚ್ಚಿಡುವುದಿಲ್ಲ. ಬೆಳಗಾದರೆ ಬೇವಿನ ಮರದ ಕೆಳಗೆ ಹತ್ತು ಜನರ ಜೊತೆ ತೆಲುಗಿನಲ್ಲಿ ತಡೆಯಿಲ್ಲದೆ ಮಾತಾಡುತ್ತಿದ್ದಳು. ಅಮ್ಮ ಇಷ್ಟು ವೇಗವಾಗಿ ಮಾತಾಡಬಲ್ಲಳೆಂದು ನನಗೆ ಗೊತ್ತೇ ಇರಲಿಲ್ಲ. ನಾಯನ ದೂರದಲ್ಲಿ ಕೂತು ಅದನ್ನು ನೋಡುತ್ತ ಬೀಡಿ ಮೇಲೆ ಬೀಡಿ ಹಚ್ಚುತ್ತಿದ್ದರು.

ಹಬ್ಬದ ಮಾರನೆ ದಿನ ದೋಸೆ. ಮನೆಯ ಹಿಂದೆ ಅಜ್ಜಿಯ ಕಾಲದ ಒರಳು. ಅಮ್ಮನೇ ಕೂತು ರುಬ್ಬಿದಳು, ನಾಯನನ ತಮ್ಮನ ಹೆಂಡತಿ ಚಿಕ್ಕಮ್ಮ ಹಿಟ್ಟು ತಳ್ಳಿಕೊಟ್ಟರು. ಬೋಗುಣಿಗೆ ಬಳಿದುಕೊಂಡು ಅಮ್ಮ ಎದ್ದಳು. ಚಿಕ್ಕಮ್ಮ ಒರಳಿನೊಳಗೆ ಬಗ್ಗಿ ನೋಡಿದರು. ಒಂದು ಹಿಡಿ, ಅಲ್ಲ, ಎರಡು ಹಿಡಿ ಹಿಟ್ಟು ಗುಂಡಿನ ಬುಡದಲ್ಲಿ ಅಚ್ಚುಕಟ್ಟಾಗಿ ಕೂತಿತ್ತು. ಇದೇನಕ್ಕಾ, ನಮ್ಮದೇ ಮನೆಯ ಕಲ್ಲಿನಲ್ಲಿ ಯಾರಿಗೆ ಅಂತ ಬಿಟ್ಟೆ, ಎಂದು ಚಿಕ್ಕಮ್ಮ ನಗತೊಡಗಿದರು. ಪಾಪ, ಅವರ ನಗುವಿನಲ್ಲಿ ವಿಷವಿರಲಿಲ್ಲ. ಮನೆಯವರೆಲ್ಲ ನಕ್ಕರು. ಅಮ್ಮನೂ ನಕ್ಕು ಹಿಟ್ಟನ್ನು ಬಳಿಯಲು ಬಗ್ಗಿದಳು. ಬಗ್ಗಿದವಳು ಕೈ ಒಳಗಿಟ್ಟು ಹಾಗೇ ನಿಂತುಬಿಟ್ಟಳು. ನಾನು ಹತ್ತಿರದಲ್ಲೇ ಇದ್ದೆ, ಅವಳ ಮುಖ ನನಗೆ ಕಾಣುತ್ತಿತ್ತು. ಹಬ್ಬದ ಮನೆಯಲ್ಲಿ ಅಷ್ಟು ಜನರ ನಡುವೆ ಅವಳಿಗೆ ಅಳು ಬಂದಿತ್ತು. ತನ್ನ ಮನೆಯಲ್ಲೇ ತಾನು ನೆಂಟರ ಹಾಗೆ ರುಬ್ಬಿ ಎದ್ದಿದ್ದಳು. ಅದು ಬೇರೆ ಯಾರಿಗೂ ತಿಳಿದಿರಲಿಲ್ಲ, ಅವಳ ಕೈಗೆ ಮಾತ್ರ ತಿಳಿದಿತ್ತು.

ವಾಪಸು ಬರುವಾಗ ಬೀರೂರಿನಲ್ಲಿ ಶಿವಮೊಗ್ಗದ ರೈಲಿಗಾಗಿ ಕಾಯುತ್ತ ಕೂತಿದ್ದೆವು. ಅಲ್ಲಿಯವರೆಗೂ ಅಮ್ಮ ಬಾಯಿಬಿಟ್ಟಿರಲಿಲ್ಲ. ನಾಯನ ಕಡಲೇಕಾಯಿ ಕೊಡಿಸಿದರು, ಟೀ ತಂದುಕೊಟ್ಟರು, ಸುಮ್ಮಸುಮ್ಮನೆ ಟ್ರಂಕನ್ನು ಆ ಕಡೆಯಿಂದ ಈ ಕಡೆಗೆ ಎತ್ತಿಟ್ಟರು. ಅಮ್ಮ ಕಡಲೇಕಾಯಿ ಸಿಪ್ಪೆಯನ್ನು ಮಡಿಲಿನಿಂದ ಕೊಡವಿ, ಒಂದು ಕಲ್ಲು ತರಬೇಕು ಅಂದಳು. ನಾಯನ ಅವಳ ಮುಖ ನೋಡಲಿಲ್ಲ. ರೈಲು ಬರುವ ದಿಕ್ಕಿಗೆ ತಿರುಗಿಕೊಂಡು, ತರೋಣ ಅಂದರು. ಟ್ರಂಕು ಎತ್ತಿಡುವುದನ್ನು ನಿಲ್ಲಿಸಿದರು.

ಶಿವಮೊಗ್ಗ ರಸ್ತೆಯ ಬದಿಯಲ್ಲಿ ಕಲ್ಲು ಕಡಿಯುವವರು ಕೂರುತ್ತಿದ್ದರು. ಖಾದರ್ ಸಾಬರು ಗೆಳೆಯನೊಬ್ಬನ ಲಾರಿ ಕೇಳಿ ಪಡೆದು ಕಲ್ಲನ್ನು ತಂದು ಇಳಿಸಿದರು. ನಾಯನ ಅದನ್ನು ಅಡಿಗೆಮನೆಯ ಮೂಲೆಯಲ್ಲಿ ಇಡೋಣವೆಂದರು. ಅಮ್ಮ ಒಪ್ಪಲಿಲ್ಲ. ಹಿತ್ತಲಿನ ಬೇಲಿಯ ಹೊರಗೆ, ಸೀಬೆ ಮರದ ಕೆಳಗೆ, ಎಲ್ಲ ಮನೆಗಳಿಂದಲೂ ನಡೆದು ಬರಬಹುದಾದ ಜಾಗ ತೋರಿಸಿದಳು. ಅಲ್ಲೇ ನೆಲ ಅಗೆದು ಅರ್ಧ ಹೂತು ನಿಲ್ಲಿಸಿದ್ದಾಯಿತು.

ಆ ಸಂತೋಷದಲ್ಲಿ ಆದ ಒಂದು ಅವಾಂತರವನ್ನು ಹೇಳದಿದ್ದರೆ ಅಮ್ಮ ಸ್ವರ್ಗದಲ್ಲಿ ನೆಮ್ಮದಿಯಾಗಿರುತ್ತಾಳೆ, ಆದರೂ ಹೇಳುತ್ತೇನೆ. ಹೊಸ ಕಲ್ಲಿಗೆ ಮೊದಲು ತೌಡು, ಹೊಟ್ಟು ಹಾಕಿ ಹಲವು ದಿನ ರುಬ್ಬಿ, ಅದರ ಮರಳು ಬಿಡಿಸಬೇಕು. ಇದು ಹುಟ್ಟಿದ ಮಕ್ಕಳಿಗೂ ಗೊತ್ತು. ಅಮ್ಮನಿಗೆ ಗೊತ್ತಿರಲಿಲ್ಲ. ತವರಿನದು ಮುತ್ತಜ್ಜಿಯ ಕಾಲದ ಕಲ್ಲು, ಗಂಡನ ಮನೆಯದು ಅಜ್ಜಿಯ ಕಾಲದ್ದು, ಗಿರಿಜಕ್ಕನದು ಬೆಣ್ಣೆಯ ಹಾಗೆ ನುಣುಪಾಗಿದ್ದದ್ದು. ಹೊಸ ಕಲ್ಲನ್ನು ಅವಳು ಜನ್ಮದಲ್ಲಿ ಕಂಡಿರಲಿಲ್ಲ. ತೊಳೆದು, ಅರಿಶಿನ ಕುಂಕುಮ ಇಟ್ಟು, ಅಂದೇ ರುಬ್ಬಿದಳು. ಮರುದಿನ ಇಡೀ ಬೀದಿಗೆ ದೋಸೆ ಹಂಚಿದಳು. ಬೀದಿ ತಿಂದಿತು. ಮರ್ಯಾದಸ್ಥರು, ಒಬ್ಬರೂ ಉಗುಳಲಿಲ್ಲ. ಕರಕರ ಎಂಬ ಸದ್ದು ಮಾತ್ರ ಮನೆಮನೆಯಿಂದ ಬರುತ್ತಿತ್ತು. ನಾಯನ ಮೊದಲ ತುತ್ತು ಅಗಿದು, ಶೆಡ್ಡಿನ ಮರಳನ್ನು ಕೊಡವಿಯೇ ಬಂದಿದ್ದೆನಲ್ಲ ಎಂದು ತಮ್ಮ ಪಂಚೆಯನ್ನು ನೋಡಿಕೊಂಡರು. ಕೊನೆಗೆ ಖಾಲಾ ಸೆರಗಿನಲ್ಲಿ ತೌಡು ಕಟ್ಟಿಕೊಂಡು ಬಂದು, ನಗು ತಡೆಯಲಾಗದೆ ಒರಳಿನ ಪಕ್ಕದಲ್ಲೇ ಕುಸಿದು ಕೂತರು.

ಕೂತವರು, ಎಲ್ಲಿ ಕೂತಿದ್ದೇನೆಂದು ಗಮನಕ್ಕೆ ಬಂದು, ಏಳಲು ಹೊರಟರು. ಅಮ್ಮ ಅವರ ಕೈಹಿಡಿದು ಗುಂಡಿನ ಮೇಲೆ ಇಟ್ಟಳು.

"ನೀವು ತಿರುಗ್ಸಿ ಖಾಲಾ. ನಾನು ತಳ್ಳಿಕೊಡ್ತೀನಿ."

ಹೀಗೆ ನಮ್ಮ ಕಲ್ಲಿನ ಮರಳು ಬಿಡಿಸಿದ್ದು ಜೈಬುನ್ ಖಾಲಾ. ಮೆಲ್ಲಮೆಲ್ಲನೆ ಬೀದಿಯ ಹೆಂಗಸರೆಲ್ಲ ಸೀಬೆ ಮರದ ಕೆಳಗೆ ಬರತೊಡಗಿದರು. ಖಾಲಾ ಇರುವುದನ್ನು ನೋಡಿ ಒಬ್ಬಿಬ್ಬರು ಬರುವುದನ್ನು ಬಿಟ್ಟರು. ಅಮ್ಮ ಅವರನ್ನು ಕರೆಯಲೂ ಇಲ್ಲ, ಆಡಿಕೊಳ್ಳಲೂ ಇಲ್ಲ. ಆದರೆ ಒಂದು ವಿಚಿತ್ರ ಮಾಡುತ್ತಿದ್ದಳು. ರುಬ್ಬಿದವರು ಯಾರೂ ಒಡತಿಯ ಪಾಲು ಬಿಡಲು ಅವಳು ಒಪ್ಪುತ್ತಿರಲಿಲ್ಲ. ಪೂರ್ತಿ ಬಳಿದುಕೊಳ್ಳಿ ಎಂದು ನಿಂತು ಬಳಿಸುತ್ತಿದ್ದಳು. ಯಾಕೆಂದು ಖಾಲಾ ಕೇಳಿದಾಗ, ಪಾಲು ತೆಗೆದುಕೊಳ್ಳುವುದು ಊರಿನವರು, ನಾನೆಲ್ಲಿಯ ಊರಿನವಳು ಅಂದಳು. ಕಲ್ಲು ನೆಲದಲ್ಲಿ ಕೂತಿತ್ತು. ಅವಳಿನ್ನೂ ಕೂತಿರಲಿಲ್ಲ.

ಒಂದು ಭಾನುವಾರ ಗಿರಿಜಕ್ಕ ಬಂದರು. ಹೇಳದೆ ಕೇಳದೆ, ಆಲ್ಕೊಳದಿಂದ ಬಸ್ಸು ಹಿಡಿದು, ಕೈಯಲ್ಲಿ ಒಂದು ಚೀಲ ತೆಂಗಿನಕಾಯಿ. ಅವರ ದೊಡ್ಡ ದನಿ ಬೀದಿಯ ಮೂಲೆಯಲ್ಲೇ ಕೇಳಿತು. ಹಿತ್ತಲಿಗೆ ಬಂದವರು ಸೀಬೆ ಮರದ ಕೆಳಗೆ ನೋಡಿದರು. ಖಾಲಾ ರುಬ್ಬುತ್ತಿದ್ದರು, ಅಮ್ಮ ತಳ್ಳಿಕೊಡುತ್ತಿದ್ದಳು. ಗಿರಿಜಕ್ಕ ನಿಂತರು. ಗುಂಡೂ ನಿಂತಿತು. ಅಮ್ಮನ ಕೈ ಒರಳಿನ ಅಂಚಿನಲ್ಲೇ ಉಳಿಯಿತು. ಖಾಲಾ ಏಳಲು ಮೊಣಕಾಲು ಊರಿದರು. ಅಮ್ಮ ಇನ್ನೊಂದು ಕೈಯಿಂದ ಅವರ ಸೆರಗಿನ ತುದಿ ಹಿಡಿದುಕೊಂಡಿದ್ದಳು. ಮರದ ಮೇಲಿದ್ದ ನನಗೆ ಮಾತ್ರ ಅದು ಕಂಡಿತು.

ಗಿರಿಜಕ್ಕ ಚೀಲ ಕೆಳಗಿಟ್ಟು, ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡರು.

"ಜರುಗು ಜೈಬುನ್. ಅಷ್ಟು ನಿಧಾನಕ್ಕೆ ತಿರುಗ್ಸಿದ್ರೆ ಹಿಟ್ಟಲ್ಲ, ನುಚ್ಚಾಗುತ್ತೆ. ನಾವು ಒಂದೇ ಕಲ್ಲಿಗೆ ಕೂತದ್ದನ್ನ ಆಲ್ಕೊಳದಲ್ಲಿ ನಮ್ಮತ್ತೆಗೆ ಮಾತ್ರ ಯಾರೂ ಹೇಳ್ಬೇಡಿ, ಮಾರಾಯ್ರೆ."

ಆ ಮಧ್ಯಾಹ್ನದ ಗಲಾಟೆ ನನಗೆ ಇವತ್ತೂ ಕಿವಿಯಲ್ಲಿದೆ. ಖಾಲಾ ತಂದ ಅಕ್ಕಿ ಮುಗಿಯಿತು. ಆಮೇಲೆ ನಮ್ಮ ಅಕ್ಕಿ. ಗಿರಿಜಕ್ಕ ತಮ್ಮದೂ ಒಂದಿರಲಿ ಎಂದು ತಂದ ಕಾಯಿ ಒಡೆದು ಚಟ್ನಿ ರುಬ್ಬಲು ಕೂತರು. ಬಳಿದುಕೊಂಡು ಎದ್ದಾಗ ಒರಳಲ್ಲಿ ಒಂದು ಹಿಡಿ ಚಟ್ನಿ ಉಳಿದಿತ್ತು. ಅಮ್ಮ ಎಂದಿನಂತೆ, ಪೂರ್ತಿ ತಗೊಳ್ಳಿ ಅಕ್ಕ, ಬಿಡಬೇಡಿ ಅಂದಳು.

"ಯಾಕೆ ತಗೊಳ್ಲಿ?" ಗಿರಿಜಕ್ಕ ಸೊಂಟದ ಮೇಲೆ ಕೈಯಿಟ್ಟರು. "ನಾನೀಗ ಆಲ್ಕೊಳದೋಳು. ಹೊರಗಿನೋಳು ಬಂದು ರುಬ್ಬಿದ್ರೆ ಬಿಟ್ಟೇ ಹೋಗ್ಬೇಕು. ಕಲ್ಲು ನಿಂದು, ಪಾಲು ನಿಂದು. ಅವತ್ತು ನಾ ಕೊಟ್ಟ ಕಲ್ಲು ಬೇಡ ಅಂದೆ. ಇದನ್ನೂ ಬೇಡ ಅಂತೀಯಾ?"

ಅಮ್ಮ ಬೇಡ ಅನ್ನಲಿಲ್ಲ. ಕೂತು, ಬೆರಳನ್ನು ಬಾಗಿಸಿ, ಆ ಒಂದು ಹಿಡಿಯನ್ನು ಅಂಗೈಗೆ ಬಳಿದುಕೊಂಡಳು. ಪಾತ್ರೆಗೆ ಹಾಕಲಿಲ್ಲ, ಅಂಗೈಯಿಂದಲೇ ಬಾಯಿಗೆ ಹಾಕಿಕೊಂಡಳು. ಅವಳ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಖಾರ ಜಾಸ್ತಿಯಾಯಿತೇನೋ ಅಂತ ಗಿರಿಜಕ್ಕ ಅಂದರು. ಹಾಗೆ ಅಂದವರ ಕಣ್ಣೂ ಒಣಗಿರಲಿಲ್ಲ.

ಸಂಜೆ ಬಸ್ಸಿನವರೆಗೆ ಬಿಡಲು ನಾವೆಲ್ಲ ಹೋದೆವು. ನಾಯನ ಖಾಲಿ ಚೀಲ ಹಿಡಿದು ಹಿಂದೆ ಬರುತ್ತಿದ್ದರು. ಬಸ್ಸು ಹೊರಡುವಾಗ ಅಮ್ಮ ಕಿಟಕಿಯ ಸರಳು ಹಿಡಿದುಕೊಂಡು ಹೇಳಿದಳು.

"ಆಗಾಗ... ಬರ್ತಿರಿ ಅಕ್ಕ... ನಮ್ಮೂರಿಗೆ."

ತುಂಡು ತುಂಡಾಗಿಯೇ ಹೇಳಿದಳು, ಎಂದಿನ ಹಾಗೆ. ಬಸ್ಸು ಹೋದ ಮೇಲೆ ತಿರುಗಿ ಮನೆಯ ಕಡೆ ನಡೆದಳು. ತಾನು ಏನು ಹೇಳಿದೆನೆಂದು ಅವಳಿಗೇ ತಿಳಿದಂತಿರಲಿಲ್ಲ. ನಾಯನ ಮಾತ್ರ ಆ ಖಾಲಿ ಚೀಲವನ್ನು ಗಿರಿಜಕ್ಕನಿಗೆ ಕೊಡುವುದನ್ನು ಮರೆತು, ಎದೆಗೆ ಒತ್ತಿಕೊಂಡು ರಸ್ತೆಯಲ್ಲೇ ನಿಂತಿದ್ದರು.

ಮರುದಿನ ನಾನು ಏಳುವಷ್ಟರಲ್ಲಿ ಅವರು ಎಲ್ಲಿಂದಲೋ ಒಂದು ನುಗ್ಗೆ ಕೊಂಬೆ ತಂದಿದ್ದರು. ಕೇಳಿದರೆ ಎಲ್ಲಿ ಬೇಡ ಅಂದುಬಿಡುತ್ತಾಳೋ ಎಂದು ಈ ಸಲ ಅಮ್ಮನನ್ನು ಕೇಳಿರಲಿಲ್ಲ. ಹಿತ್ತಲಿನ ಮೂಲೆಯಲ್ಲಿ ಕಳ್ಳನ ಹಾಗೆ ಕೂತು ಗುಣಿ ತೋಡುತ್ತಿದ್ದರು. ಅಮ್ಮ ನೀರಿನ ಚೊಂಬು ಹಿಡಿದು ಹೊರಗೆ ಬಂದವಳು ಅಲ್ಲೇ ನಿಂತು ನೋಡಿದಳು. ನಾಯನ ಗುದ್ದಲಿ ಎತ್ತಿದ ಕೈಯನ್ನು ಇಳಿಸಲಿಲ್ಲ, ಅವಳ ಕಡೆ ತಿರುಗಲೂ ಇಲ್ಲ.

"ಅಷ್ಟು ಮೇಲೆ ನೆಟ್ರೆ ನಿಲ್ಲುತ್ತಾ?" ಅಂದಳು ಅಮ್ಮ. "ಇನ್ನೂ ಆಳ ತೋಡಿ."